ಹದಿನಾಲ್ಕನೇ ಸೀಟು ಕೇಳಿದ ಹೆಸರು

ನಮ್ಮ ಆಫೀಸಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದವರನ್ನು ಎಲ್ಲರೂ ವೈರಣ್ಣ ಅಂತಲೇ ಕರೆಯುತ್ತಿದ್ದೆವು. ಮೆಟ್ಟಿಲ ಕೆಳಗೆ ಕಿಟಕಿಯಿಲ್ಲದ ಕೋಣೆ, ಗುಂಯ್‌ಗುಡುವ ಫ್ಯಾನು, ಇವರು. ಬಾಯಿ ಬಿಟ್ಟರೆ ಬೈಗುಳ, ಆದರೆ ಕೆಟ್ಟ ಮನುಷ್ಯನಲ್ಲ. ಸಿಟ್ಟು ಇಟ್ಟುಕೊಂಡೇ ಈ ಮಾತು ಹೇಳುತ್ತಿದ್ದೇನೆ.

ಅವರದೊಂದು ಪದ್ಧತಿಯಿತ್ತು. ಆಫೀಸಿನ ಯಾವ ಕಂಪ್ಯೂಟರ್ ಯಾವ ಪ್ರಿಂಟರಿನ, ಯಾವ ವೆಬ್‌ಸೈಟಿನ ಹೆಸರು ಹುಡುಕಿದರೂ ಮೊದಲು ಅವರ ಕೋಣೆಯಲ್ಲಿದ್ದ ಸರ್ವರ್ ಎಂಬ ದೊಡ್ಡ ಕಂಪ್ಯೂಟರನ್ನು ಅದರ ವಿಳಾಸ ಕೇಳಬೇಕು. ವಿಳಾಸ ಸಿಗದ ಹೆಸರುಗಳನ್ನು ಸೋಮವಾರ ಬೆಳಿಗ್ಗೆ ಸೀಟ್ ನಂಬರ್ ಸಮೇತ ನೋಟಿಸ್ ಬೋರ್ಡಿಗೆ ಅಂಟಿಸುತ್ತಿದ್ದರು. ಕೆಟ್ಟುಹೋದ ಹಳೇ ಪ್ರಿಂಟರಿಗಾಗಿ ಒದ್ದಾಡುತ್ತಿದ್ದವರು ಬಂದು ಸರಿಮಾಡಿಸಿಕೊಳ್ಳಲಿ ಅಂತ. ಬ್ರೌಸರಿನ ಮೇಲ್ಗಡೆ ಒಂದೇ ಒಂದು ಪದ ಟೈಪ್ ಮಾಡಿದರೆ, ಅದೂ ಆಫೀಸಿನ ಯಂತ್ರವೇನೋ ಅಂತ ಬ್ರೌಸರ್ ತಾನಾಗಿಯೇ ಸರ್ವರನ್ನು ವಿಚಾರಿಸುತ್ತದಂತೆ. ಅದು ನಮಗಿರಲಿ, ಅವರಿಗೇ ಗೊತ್ತಿರಲಿಲ್ಲ.

ನನ್ನ ಪಕ್ಕದ ಹದಿನಾಲ್ಕನೇ ಸೀಟಿನ ಟೈಪಿಸ್ಟ್ ಹುಡುಗಿಗೆ ಆ ತಿಂಗಳು ಕೆಲಸ ಖಾಯಂ ಆಗುವುದರಲ್ಲಿತ್ತು. ಖಾಯಂ ಆದರೆ ಆರೋಗ್ಯ ವಿಮೆಯೂ ಸಿಗುತ್ತಿತ್ತು. ಬೆರಳು ಮಡಚಿ ದಿನ ಎಣಿಸುತ್ತಿದ್ದಳು.

ಆ ಸೋಮವಾರದ ಪಟ್ಟಿಯಲ್ಲಿ, "ಸೀಟ್ 14. ಲಿಂಫೋಮಾ. ಹನ್ನೊಂದು ಸಲ" ಅಂತಿತ್ತು. ಪಕ್ಕದಲ್ಲಿ ವೈರಣ್ಣನ ಕೆಂಪು ಶಾಯಿ: "ಈ ಹೆಸರಿನ ಪ್ರಿಂಟರ್ ನಮ್ಮಲ್ಲಿಲ್ಲ. ಬಂದು ಕಾಣಿ."

ನಾವು ನಕ್ಕೆವು. ಅದು ಕ್ಯಾನ್ಸರಿನ ಹೆಸರು ಅಂತ ಮಧ್ಯಾಹ್ನ ಯಾರೋ ಹೇಳಿದ ಮೇಲೆ ತಲೆ ಎತ್ತಲಾಗಲಿಲ್ಲ. ಹುಡುಗಿ ಓಡಿಹೋಗಿ ಹಾಳೆ ಕಿತ್ತಳು. ಅಷ್ಟರಲ್ಲಿ ಮ್ಯಾನೇಜರ್ ಓದಿ ಆಗಿತ್ತು. ಶುಕ್ರವಾರ ಅವಳ ಕೈಗೆ ಬಂದದ್ದು ಕೆಲಸದಿಂದ ಬಿಡುಗಡೆಯ ಪತ್ರ.

ವೈರಣ್ಣ ಮ್ಯಾನೇಜರ್ ಕೋಣೆಗೆ ನುಗ್ಗಿದರು. ಅವರು ಅಂಗಲಾಚಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಸಾರ್, ತಪ್ಪು ನಂದು. ಅದು ಯಾವ್ದೋ ಪ್ರಿಂಟರ್ ಹೆಸರೇ ಇರ್ಬೇಕು."

"ಹನ್ನೊಂದು ಸಲ ಪ್ರಿಂಟರ್ ಹುಡುಕಿದ್ಲಾ? ಯಾರ ಕಿವಿಗೆ ಹೂ ಇಡ್ತೀರಿ? ಹೋಗಿ ನಿಮ್ಮ ಕೆಲಸ ನೋಡಿ."

ಅವಳು ಡ್ರಾಯರ್ ಖಾಲಿ ಮಾಡುತ್ತಿದ್ದಳು. ವೈರಣ್ಣ ಎದುರು ಬಂದು ಕೈ ಮುಗಿದರು.

"ತಪ್ಪಾಯ್ತು ತಂಗೀ. ನಿನ್ನ ಆರೋಗ್ಯ ಈಗ ಹೇಗಿದೆಯಮ್ಮಾ?"

"ನಾನು ಗುಂಡುಕಲ್ಲಿನ ಥರ ಇದೀನಣ್ಣಾ. ಕಾಯಿಲೆ ಇರೋದು ಅಮ್ಮಂಗೆ. ವಿಮೇಲಿ ಅವರ ಹೆಸರು ಸೇರಿಸ್ಬೇಕು ಅಂತಿದ್ದೆ."

"ಅಯ್ಯೋ, ಅದನ್ನ ಮ್ಯಾನೇಜರಿಗೆ ಹೇಳ್ಬಾರದಿತ್ತಾ?"

"ಹೇಳ್ದೆ," ಅಂದಳು. "ಹಾಗಾದ್ರೆ ನಿಂಗೆ ರಜೆ ಜಾಸ್ತಿ ಬೇಕಾಗುತ್ತಲ್ಲಮ್ಮಾ, ಅಂದ್ರು."