ಸುಮಾರು ಹತ್ತು ಕಿಲೋ

ನಮ್ಮ ಬೀದಿಯ ತಕ್ಕಡಿ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಅವರದು ತೂಕದ ಯಂತ್ರಗಳನ್ನು ರಿಪೇರಿ ಮಾಡುವ ಅಂಗಡಿ. ಆದರೆ ಕೆಟ್ಟ ತಕ್ಕಡಿ ಹೊತ್ತು ತಂದವನು ಅರ್ಧ ಗಂಟೆ ಉಪದೇಶ ಕೇಳದೆ ಹೊರಗೆ ಬಂದ ಉದಾಹರಣೆ ಇಲ್ಲವಾದ್ದರಿಂದ ಆ ಹೆಸರು ತಾನಾಗಿ ಅಂಟಿಕೊಂಡಿತು. ಮೇಜಿನ ಮೇಲೆ ಮಖಮಲ್ಲು ಹಾಸಿದ ಪೆಟ್ಟಿಗೆಯಲ್ಲಿ ಹಿತ್ತಾಳೆಯ ತೂಕದ ಬಟ್ಟುಗಳು. ಅವನ್ನು ಯಾರೂ ಬರಿಗೈಲಿ ಮುಟ್ಟುವಂತಿಲ್ಲ. ‘ಕೈ ಜಿಡ್ಡಿಗೂ ತೂಕ ಇದೆ ಸ್ವಾಮಿ’ ಎನ್ನುತ್ತಿದ್ದರು.

ಮೇಷ್ಟ್ರಿಗೆ ಜಗತ್ತಿನಲ್ಲಿ ಆಗದ ಒಂದೇ ಒಂದು ಪದವೆಂದರೆ ‘ಸುಮಾರು’. ಎದುರಿನ ಕ್ಷೌರದಂಗಡಿಯವನು ಒಮ್ಮೆ ‘ಸುಮಾರು ಹತ್ತು ನಿಮಿಷ ಆಗತ್ತೆ, ಕೂತಿರಿ’ ಅಂದದ್ದಕ್ಕೆ, ‘ಸುಮಾರು ಅಂದ್ರೆ ಎಷ್ಟಪ್ಪಾ? ಒಂಬತ್ತಾ, ಹನ್ನೊಂದಾ?’ ಎಂದು ಕೇಳಿ, ಗಡಿಯಾರ ನೋಡುತ್ತ ಕೂತು, ಅವನ ಕೈ ನಡುಗಿಸಿ, ತಮ್ಮ ಮೀಸೆಯ ಎಡತುದಿಯನ್ನು ಕಳೆದುಕೊಂಡು ಬಂದಿದ್ದರು.

ಇಂಥವರಿಗೆ ಮೊಮ್ಮಗಳು ಹುಟ್ಟಿದಳು. ಮಗಳು ಅಳಿಯ ಇಬ್ಬರೂ ಅಂಗಡಿಯ ಮೇಲಿನ ಮನೆಯಲ್ಲೇ ಇದ್ದರು. ಮಗುವಿನ ಕಿಡ್ನಿಗಳು ಎರಡೂ ತಾಯಿಯ ಹೊಟ್ಟೆಯಲ್ಲೇ ಬೆಳೆಯದೆ ಒಣದ್ರಾಕ್ಷಿಯ ಹಾಗೆ ಮುದುಡಿಕೊಂಡಿದ್ದವು. ಡಾಕ್ಟರಮ್ಮ ಮನೆಯವರನ್ನೆಲ್ಲ ಕೂರಿಸಿಕೊಂಡು ಹೇಳಿದರು: ‘ಬೇರೆ ಕಿಡ್ನಿ ಹಾಕ್ಲೇಬೇಕು. ಆದ್ರೆ ದೊಡ್ಡವರ ಕಿಡ್ನಿ ಕೂರೋಕೆ ಇಷ್ಟು ಪುಟ್ಟ ಹೊಟ್ಟೇಲಿ ಜಾಗ ಇಲ್ಲ. ಹತ್ತು ಕಿಲೋ ಆಗ್ಲಿ. ಅಲ್ಲೀವರೆಗೂ ಮನೇಲೇ ಡಯಾಲಿಸಿಸ್ ಮಾಡಿ ಕಾಪಾಡ್ಕೋಬೇಕು.’

ಮಗಳು ಅತ್ತಳು. ಅಳಿಯ ಗೋಡೆಗೆ ಒರಗಿಕೊಂಡ. ಮೇಷ್ಟ್ರು ಮಾತ್ರ ಗಂಟಲು ಸರಿಮಾಡಿಕೊಂಡು ಕೇಳಿದರು: ‘ಬಟ್ಟೆ ಸಮೇತಾನಾ, ಬಟ್ಟೆ ಬಿಟ್ಟಾ?’

‘ಏನ್ರೀ ನೀವು!’ ಎಂದು ಹೆಂಡತಿ ಅವರ ತೋಳು ಚಿವುಟಿದರು. ಆದರೆ ಮೂವತ್ತು ವರ್ಷ ಜೊತೆಗೆ ಬಾಳಿದ ಆಕೆಗೆ ಗೊತ್ತಿತ್ತು, ಅವರು ಅಳುವುದೇ ಹಾಗೆ.

ಮಗುವಿಗೆ ಇಟ್ಟ ಹೆಸರು ಏನೋ ಇತ್ತು. ಬೀದಿಗೆಲ್ಲ ಅವಳು ‘ಕಾಲ್ಕೇಜಿ’. ಮನೆಯ ನಡುಕೋಣೆ ಅವಳ ಆಸ್ಪತ್ರೆಯಾಯಿತು. ಹೊಟ್ಟೆಗೆ ಒಂದು ಮೆತ್ತನೆಯ ಕೊಳವೆ. ಅದರ ಮೂಲಕ ಚೀಲದಲ್ಲಿದ್ದ ದ್ರವ ಒಳಗೆ ಹೋಗಬೇಕು, ಕೆಲವು ಗಂಟೆಗಳಾದ ಮೇಲೆ ಮೈಯ ಕೊಳೆಯನ್ನೂ ಹೆಚ್ಚಿನ ನೀರನ್ನೂ ಹೊತ್ತುಕೊಂಡು ಹೊರಗೆ ಬರಬೇಕು. ಕಿಟಕಿ ಮುಚ್ಚಿ, ಫ್ಯಾನು ಆರಿಸಿ, ಮುಖಕ್ಕೆ ಮಾಸ್ಕು ಕಟ್ಟಿ, ಮೊಣಕೈಯವರೆಗೆ ಸೋಪು ಉಜ್ಜಿ ಒಳಗೆ ಹೋಗಬೇಕು. ಮಗಳು ಅಲ್ಲಿನ ದಂಡನಾಯಕಿ.

‘ಅಪ್ಪಾ, ವಾಚು ಬಿಚ್ಚು. ಅದನ್ನ ಮುಟ್ಬೇಡ. ಇದನ್ನೂ ಮುಟ್ಬೇಡ.’

‘ಮುಟ್ಟಬೇಡಿ’ ಎಂಬ ಬೋರ್ಡನ್ನು ತಮ್ಮ ಅಂಗಡಿಯ ಮೂರು ಕಡೆ ತೂಗುಹಾಕಿದ್ದ ಮನುಷ್ಯ ಕೈಕಟ್ಟಿಕೊಂಡು ನಿಂತ. ಆದರೂ ಅವರಿಗೊಂದು ಇಲಾಖೆ ಸಿಕ್ಕಿತು. ಒಳಗೆ ಹೋದ ಚೀಲ ಎಷ್ಟು, ಹೊರಗೆ ಬಂದ ಚೀಲ ಎಷ್ಟು, ಮಗು ಎಷ್ಟು, ಮೂರನ್ನೂ ದಿನಾ ತೂಗಬೇಕಿತ್ತು. ತೂಕದ ಇಲಾಖೆಗೆ ಬೇರೆ ಅರ್ಜಿದಾರರೇ ಇರಲಿಲ್ಲ. ಮೇಷ್ಟ್ರು ವಾರವಿಡೀ ಕೂತು, ತೊಟ್ಟಿಲಿನ ಹಾಗೆ ಬಾಗಿದ ತಟ್ಟೆಯ ಒಂದು ಯಂತ್ರ ಸಿದ್ಧಮಾಡಿ, ಚಪ್ಪಡಿಕಲ್ಲಿನ ಮೇಲೆ ಕೂರಿಸಿದರು. ಐದು ಗ್ರಾಂ ಹೆಚ್ಚು ಕಡಿಮೆಯಾದರೂ ಹಿಡಿಯುತ್ತಿತ್ತು. ಅದರ ತಟ್ಟೆಗೆ ಒಂದು ಹನಿ ನೀರು ಬಿದ್ದರೆ ಒರೆಸಲು ಪ್ರತ್ಯೇಕ ಬಟ್ಟೆ ಬೇರೆ.

ಇಸ್ತ್ರಿ ಅಂಗಡಿಯಾಕೆ ಒಮ್ಮೆ ಮೇಲೆ ನೋಡಿ, ‘ಕೂಸಿರೋ ಮನೆ, ಹಗ್ಗದ ಮೇಲೆ ಒಂದು ಒದ್ದೆ ಬಟ್ಟೆ ಇಲ್ಲ’ ಎಂದು ನಕ್ಕಿದ್ದಳು. ಕಾಲ್ಕೇಜಿ ಸರಿಯಾಗಿ ಉಚ್ಚೆ ಹೊಯ್ದವಳೇ ಅಲ್ಲ ಎಂದು ತಿಳಿದ ಮೇಲೆ ನಾಲಿಗೆ ಕಚ್ಚಿಕೊಂಡು, ಮಗುವಿನ ಬಟ್ಟೆಯನ್ನೆಲ್ಲ ತಾನೇ ಇಸ್ತ್ರಿ ಮಾಡಿಕೊಡತೊಡಗಿದಳು.

ಬೆಳಿಗ್ಗೆ ಏಳೂವರೆಗೆ ಮೇಷ್ಟ್ರು ಮಹಡಿಯ ಕಟಕಟೆಗೆ ಬಂದು ಘೋಷಿಸುವುದು ವಾಡಿಕೆಯಾಯಿತು. ‘ಆರು ಕಿಲೋ ಇನ್ನೂರೈದು!’ ಕೆಳಗಿನಿಂದ ಕ್ಷೌರದವನು, ಗಿರಾಕಿಯ ಗಲ್ಲದ ಮೇಲೆ ಕತ್ತಿ ನಿಲ್ಲಿಸಿ, ‘ನಿನ್ನೆಗಿಂತ ಹತ್ತು ಜಾಸ್ತಿ!’ ಎನ್ನುತ್ತಿದ್ದ. ಹಾಲು ಮೂಗಿನ ನಳಿಕೆಯಲ್ಲಿ ಹೋಗುತ್ತಿತ್ತು. ಅರ್ಧ ವಾಂತಿಯಾಗಿ ವಾಪಸ್ ಬರುತ್ತಿತ್ತು. ಉಳಿದರ್ಧದಲ್ಲಿ ಕಾಲ್ಕೇಜಿ ಹಠದಿಂದ ಬೆಳೆದಳು.

ಒಂದೂವರೆ ವರ್ಷವಾದಾಗ ಎಂಟು ಕಿಲೋ ಆರುನೂರಕ್ಕೆ ಬಂದು ನಿಂತಳು. ಮೂರು ವಾರ ಅಲ್ಲಾಡಲಿಲ್ಲ. ಮೇಷ್ಟ್ರ ಮುಖ ಸಪ್ಪಗಾಯಿತು. ಆಮೇಲೆ ಒಂದು ಸೋಮವಾರ ಎಂಟು ಎಂಟುನೂರೈವತ್ತು! ಮಂಗಳವಾರ ಒಂಬತ್ತು ಐವತ್ತು! ಎರಡೇ ದಿನಕ್ಕೆ ನಾನೂರೈವತ್ತು ಗ್ರಾಂ. ಮೇಷ್ಟ್ರು ಕಟಕಟೆಯಿಂದ ಘೋಷಿಸಿ ತೃಪ್ತಿಯಾಗದೆ, ಒಂದು ಗೊನೆ ಬಾಳೆಹಣ್ಣು ತಂದು ಬೀದಿಗೆಲ್ಲ ಹಂಚಿದರು. ‘ಎಲ್ಲಾ ಯಂತ್ರದ ಕೃಪೆ’ ಎಂದರು, ಯಂತ್ರವೇ ಹಾಲು ಕುಡಿಸಿತ್ತೋ ಎನ್ನುವಂತೆ.

ಹಂಚಿ ಬರುವಷ್ಟರಲ್ಲಿ ಮಗಳು ಬಾಗಿಲಲ್ಲಿ ನಿಂತಿದ್ದಳು.

‘ಅಪ್ಪಾ, ಪಾಪು ಕಣ್ಣು ಊದಿದೆ. ನಿನ್ನೆ ಹೊರಗೆ ಬಂದ ಚೀಲ ಎಷ್ಟು ತೂಗ್ತು?’

ಮೇಷ್ಟ್ರು ಥಟ್ಟನೆ ಹೇಳಿದರು. ಅಂಕಿಗಳು ಅವರ ನಾಲಿಗೆಯ ಮೇಲೇ ಇರುತ್ತಿದ್ದವು.

‘ಒಳಗೆ ಹೋಗಿದ್ದು?’

ಅದನ್ನೂ ಹೇಳಿದರು. ಹೇಳುತ್ತ ಹೇಳುತ್ತ ದನಿ ಇಳಿಯಿತು. ಒಳಗೆ ಹೋದದ್ದೇ ಜಾಸ್ತಿ, ಬಂದದ್ದು ಕಡಿಮೆ. ಎರಡು ದಿನದಿಂದಲೂ.

‘ಅದು ತೂಕ ಅಲ್ಲ ಅಪ್ಪಾ, ನೀರು! ಮೈಯಲ್ಲಿ ನೀರು ನಿಂತಿದೆ!’

ಮೂರೂ ತೂಕಗಳು ಐದು ಗ್ರಾಮಿನವರೆಗೆ ಕರಾರುವಾಕ್ಕಾಗಿದ್ದವು. ಅವನ್ನು ಪಕ್ಕಪಕ್ಕ ಇಟ್ಟು ನೋಡುವುದೊಂದನ್ನೇ ಮೇಷ್ಟ್ರು ಮರೆತಿದ್ದರು. ಅಂಕಿ ಸರಿಯಿದ್ದರೆ ಎಲ್ಲವೂ ಸರಿ ಎಂದು ಅವರ ಕಸುಬು ಅವರಿಗೆ ಹೇಳಿಕೊಟ್ಟಿತ್ತು. ಏರಿದ್ದು ಏನು ಎಂದು ಯಾವ ತಕ್ಕಡಿಯೂ ಹೇಳುವುದಿಲ್ಲ.

ಆಸ್ಪತ್ರೆಯಲ್ಲಿ ಮೂರು ದಿನ. ಮಲ ಗಟ್ಟಿಯಾಗಿ ಕರುಳು ಉಬ್ಬಿ ಕೊಳವೆಯ ತುದಿಯನ್ನು ಒತ್ತಿಬಿಟ್ಟಿತ್ತು. ಅದು ಸರಿಯಾಯಿತು, ನೀರು ಇಳಿಯಿತು, ಕಾಲ್ಕೇಜಿ ಎಂಟು ಕಿಲೋ ಐನೂರೈವತ್ತಕ್ಕೆ ವಾಪಸ್ ಬಂದಳು. ಮೇಷ್ಟ್ರು ಒಂದೊಂದೇ ಅಂಗಡಿಗೆ ಹೋಗಿ ತಮ್ಮ ನಾನೂರೈವತ್ತು ಗ್ರಾಂ ಹಿಂತೆಗೆದುಕೊಂಡರು.

‘ಮೊನ್ನೆ ಹೇಳಿದ್ದು ತಪ್ಪು. ಅದು ನೀರು.’

‘ಹಾಗಾದ್ರೆ ಬಾಳೆಹಣ್ಣು ವಾಪಸ್ ಕೊಡ್ಬೇಕಾ ಮೇಷ್ಟ್ರೇ?’ ಎಂದ ಕ್ಷೌರದವನು ಗಂಭೀರವಾಗಿ. ‘ತಿಂದುಬಿಟ್ಟಿದೀನಲ್ಲ.’

ಮೇಷ್ಟ್ರು ನಗಲಿಲ್ಲ. ಅಂದಿನಿಂದ ಘೋಷಣೆ ನಿಂತಿತು. ಮೊದಲು ಮಗುವಿನ ಕಣ್ಣರೆಪ್ಪೆ ನೋಡಿ, ಪಾದ ಒತ್ತಿ ನೋಡಿ, ಚೀಲಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಕೊನೆಗೆ ಮಗುವನ್ನು ತೂಗುತ್ತಿದ್ದರು.

ಈ ನಡುವೆ ಕಿಡ್ನಿ ಯಾರು ಕೊಡುವುದೆಂಬ ಪರೀಕ್ಷೆಗಳಾದವು. ಮಗಳ ರಕ್ತದ ಗುಂಪು ಹೊಂದಲಿಲ್ಲ. ಅಳಿಯನ ಕಿಡ್ನಿಯಲ್ಲಿ ಕಲ್ಲು. ಮೇಷ್ಟ್ರು ಇಸ್ತ್ರಿ ಅಂಗಿ ಹಾಕಿಕೊಂಡು, ಫಲಿತಾಂಶ ಗೊತ್ತಿರುವ ಅಭ್ಯರ್ಥಿಯಂತೆ ಹೋದರು. ಬಿ.ಪಿ. ಜಾಸ್ತಿ ಎಂದು ಬಾಗಿಲಲ್ಲೇ ವಾಪಸ್ ಕಳಿಸಿದರು. ಎಲ್ಲದರಲ್ಲೂ ಪಾಸಾದವರು, ಗಂಡ ಯಾವಾಗಲೂ ‘ಇವಳಿಗೆ ಒಂದಲ್ಲ ಒಂದು ನೋವು’ ಎನ್ನುತ್ತಿದ್ದ ಅಜ್ಜಿ.

‘ಮೂವತ್ತು ವರ್ಷ ಊರವರ ತಕ್ಕಡೀನೆಲ್ಲ ರಿಜೆಕ್ಟ್ ಮಾಡಿದ್ರಲ್ಲ, ಈಗ ಗೊತ್ತಾಯ್ತಾ ಹೇಗಿರತ್ತೆ ಅಂತ?’ ಎಂದು ಆಕೆ ಕೇಳಿದರು.

‘ಆ ಬಿ.ಪಿ. ಮಷೀನೇ ಸರಿ ಇರ್ಲಿಲ್ಲ ಕಣೇ.’

‘ಹೂಂ, ನೀವು ಹತ್ತಿರ ಹೋದ್ರೆ ಯಾವ ಮಷೀನ್ ಸರಿ ಇರತ್ತೆ!’

ಎರಡು ವರ್ಷ ತುಂಬಿ ಎರಡು ತಿಂಗಳಾದಾಗ, ಆಸ್ಪತ್ರೆಯಲ್ಲಿ ತೂಗಿ ತೀರ್ಮಾನಿಸುವ ದಿನ ಬಂತು. ಬೆಳಿಗ್ಗೆಯೇ ತೂಕ ಕಡಿಮೆ ಬಂದುಬಿಟ್ಟರೆ ತಮ್ಮ ಬಿ.ಪಿ. ಇನ್ನೂ ಏರುತ್ತದೆಂದು ಹೆದರಿ, ಮೇಷ್ಟ್ರು ಅಂದು ಮನೆಯಲ್ಲಿ ತೂಗಿರಲಿಲ್ಲ. ಆಸ್ಪತ್ರೆಯಲ್ಲಿ ಸಿಸ್ಟರ್ ಕಾಲ್ಕೇಜಿಯನ್ನು ತಟ್ಟೆಯ ಮೇಲೆ ಕೂರಿಸಿದಳು. ಕೆಂಪು ಅಂಕಿಗಳು ಕುಣಿದು ನಿಂತವು: ಹತ್ತು ಕಿಲೋ ಇಪ್ಪತ್ತು ಗ್ರಾಂ.

ಮಗಳು ಕಿರುಚಿದಳು. ಅಳಿಯ ಸಿಸ್ಟರ್‌ನ ಕೈ ಹಿಡಿದು ಕುಲುಕಿದ. ಅಜ್ಜಿ, ಈಗಲೇ ಕಿಡ್ನಿ ತೆಗೆದುಕೊಡುವವರಂತೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಮೇಷ್ಟ್ರು ಮಾತ್ರ ಸದ್ದಿಲ್ಲದೆ ಚೀಲದಿಂದ ಬಟ್ಟೆ ಸುತ್ತಿದ ಒಂದು ಕಿಲೋದ ಬಟ್ಟನ್ನು ತೆಗೆದರು.

‘ಅಪ್ಪಾ, ಬೇಡ,’ ಎಂದಳು ಮಗಳು. ‘ದಮ್ಮಯ್ಯ, ಇವತ್ತೊಂದು ದಿನ ಬೇಡ.’

ಮೇಷ್ಟ್ರ ಕೈ ಗಾಳಿಯಲ್ಲೇ ನಿಂತಿತು. ಕಡಿಮೆ ಬಂದರೆ ಇನ್ನೊಂದು ತಿಂಗಳು ಅದೇ ಕೋಣೆ, ಅದೇ ಕೊಳವೆ, ಮತ್ತೆ ಯಾವಾಗ ಏನು ಕಟ್ಟಿಕೊಳ್ಳುತ್ತದೋ ಎಂಬ ಅದೇ ಭಯ. ಸುಮ್ಮನಿದ್ದರೆ? ಆ ಹೊಟ್ಟೆಯಲ್ಲಿ ನಿಜವಾಗಿ ಜಾಗ ಸಾಲದೆ ಹೋದರೆ?

‘ಒಂದ್ಸಲ ನೋಡದೆ ಖುಷಿಪಟ್ಟು ಬಾಳೆಹಣ್ಣು ಹಂಚಿದೋನು ನಾನು,’ ಎಂದು ಮೆಲ್ಲಗೆ ಹೇಳಿ, ಮಗುವನ್ನು ಎತ್ತಿ ಮಗಳ ಕೈಗೆ ಕೊಟ್ಟು, ಬಟ್ಟನ್ನು ಖಾಲಿ ತಟ್ಟೆಯ ಮೇಲಿಟ್ಟರು.

ಒಂದು ಕಿಲೋ ಐದು ಗ್ರಾಂ.

‘ಕಿಲೋಗೆ ಐದು ಗ್ರಾಂ ಜಾಸ್ತಿ ತೋರಿಸ್ತಿದೆ. ಮಗು ಒಂಬತ್ತು ಒಂಬೈನೂರ ಎಪ್ಪತ್ತು.’

ಅಜ್ಜಿ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಚ್ಚಿಕೊಂಡರು. ಆ ಹೊತ್ತಿಗೆ ಒಳಗೆ ಬಂದ ಡಾಕ್ಟರಮ್ಮ ಕೇಳಿದರು, ‘ಏನಾಯ್ತು? ಯಾಕೆ ಎಲ್ಲಾ ಹೀಗೆ ನಿಂತಿದೀರಿ?’

‘ಮೂವತ್ತು ಗ್ರಾಂ ಕಡಿಮೆ ಡಾಕ್ಟ್ರೇ,’ ಎಂದರು ಮೇಷ್ಟ್ರು, ತಾವೇ ಕದ್ದವರಂತೆ.

‘ಅಷ್ಟೇನಾ? ಅರ್ಧ ಲೋಟ ಹಾಲು ಕುಡಿದ್ರೆ ಮೂವತ್ತು ಗ್ರಾಂ ಮುಗೀತು. ರಕ್ತ ಚೆನ್ನಾಗಿದೆ, ಹೊಟ್ಟೆ ಅಳತೆ ಸರಿಯಿದೆ, ಸ್ಕ್ಯಾನೂ ಸರಿಯಿದೆ. ನಾನು ಹೇಳಿದ್ದು ಸುಮಾರು ಹತ್ತು ಕಿಲೋ ಅಂತ.’

‘ಇಲ್ಲ. ನೀವು ಸುಮಾರು ಅಂದಿರ್ಲಿಲ್ಲ.’

‘ಅಂದಿರ್ಲಿಲ್ವಾ? ಹಾಗಾದ್ರೆ ಈಗ ಅಂತೀನಿ ತಾತ. ಸುಮಾರು.’

ಮೇಷ್ಟ್ರು ಹತ್ತಿರದ ಸ್ಟೂಲಿನ ಮೇಲೆ ಕುಸಿದು ಕೂತರು. ಜೀವಮಾನವಿಡೀ ಬೈದ ಪದವೊಂದು ಹೀಗೆ ಬಂದು ತಲೆ ಸವರುತ್ತದೆಂದು ಅವರು ಎಣಿಸಿರಲಿಲ್ಲ. ಕನ್ನಡಕ ತೆಗೆದು ತುಂಬ ಹೊತ್ತು ಒರೆಸಿದರು. ಆಮೇಲೆ ಸಿಸ್ಟರ್ ಹತ್ತಿರ ಸ್ಕ್ರೂಡ್ರೈವರ್ ಇದೆಯಾ ಎಂದು ಕೇಳಿದರು. ಬೇಡವೆಂದರೂ ಬಿಡದೆ, ಆ ಯಂತ್ರ ರಿಪೇರಿ ಮಾಡಿ, ಸಿಸ್ಟರ್‌ಗೆ ಅರ್ಧ ಗಂಟೆ ಪಾಠ ಹೇಳಿಯೇ ಎದ್ದರು.

ಮುಂದಿನ ವಾರ ಆಪರೇಷನ್ ಆಯಿತು. ಅಜ್ಜಿ ಎಂಟು ದಿನಕ್ಕೆ ಮನೆಗೆ ಬಂದರು. ಹೊಟ್ಟೆಗೊಂದು ದಿಂಬು ಅವುಚಿಕೊಂಡು ಕೂತಲ್ಲಿಂದಲೇ ಗಂಡನಿಂದ ಮನೆಗೆಲಸ ಮಾಡಿಸಿದರು. ‘ಕಿಡ್ನಿ ಕೊಟ್ಟೋಳು ನಾನು, ಸ್ವಲ್ಪ ನೀರು ಕೊಡೋಕೆ ನಿಮಗೇನ್ರೀ?’ ಎಂದರೆ ಸಾಕು, ಮೇಷ್ಟ್ರು ಲೋಟ ಹಿಡಿದು ಬರುತ್ತಿದ್ದರು. ಕಾಲ್ಕೇಜಿ ಆರು ವಾರಕ್ಕೆ ಬಂದಳು. ಔಷಧಿಯ ಬುಟ್ಟಿ ಇನ್ನೂ ಇತ್ತು, ಮಾಸ್ಕೂ ಇತ್ತು. ಆದರೆ ಹೊಟ್ಟೆಯ ಕೊಳವೆ ಇರಲಿಲ್ಲ.

ಮರುದಿನ ಬೆಳಿಗ್ಗೆ ಮೇಷ್ಟ್ರು ರೆಪ್ಪೆ ನೋಡಿ, ಪಾದ ಒತ್ತಿ ನೋಡಿ, ಅವಳನ್ನು ತಮ್ಮ ಯಂತ್ರದ ಮೇಲೆ ಬರಿಮೈಯಲ್ಲಿ ಕೂರಿಸಿದರು. ಅಂಕಿ ಇನ್ನೂ ನಿಂತಿರಲಿಲ್ಲ. ಕಾಲ್ಕೇಜಿ ಅಜ್ಜನ ಮುಖವನ್ನೇ ನೋಡುತ್ತ, ಪೂರ್ಣ ಗಾಂಭೀರ್ಯದಿಂದ, ತಟ್ಟೆ ತುಂಬ ಉಚ್ಚೆ ಹೊಯ್ದಳು. ಅದು ತಟ್ಟೆಯಿಂದ ಚಪ್ಪಡಿಗೆ, ಚಪ್ಪಡಿಯಿಂದ ಮೇಷ್ಟ್ರ ಪಾದಕ್ಕೆ ಇಳಿಯಿತು.

ಒರೆಸುವ ಬಟ್ಟೆ ಕೈಗೆಟುಕುವಲ್ಲೇ ಇತ್ತು. ಮೇಷ್ಟ್ರು ಅದನ್ನು ಮುಟ್ಟಲಿಲ್ಲ. ಮೊಮ್ಮಗಳನ್ನು ಎತ್ತಿಕೊಂಡು, ಒದ್ದೆ ಕಾಲಲ್ಲೇ ಕಟಕಟೆಗೆ ಓಡಿದರು. ಎಷ್ಟೋ ತಿಂಗಳ ಮೇಲೆ ಬೀದಿಗೆ ಅವರ ದನಿ ಕೇಳಿಸಿತು.

‘ಉಚ್ಚೆ ಹೊಯ್ದಳು! ನನ್ನ ಮಷೀನ್ ಮೇಲೇ ಹೊಯ್ದಳು!’

ಇಸ್ತ್ರಿಯಾಕೆ ಪೆಟ್ಟಿಗೆ ಬಿಟ್ಟು ಹೊರಗೋಡಿ ಬಂದಳು. ಕ್ಷೌರದವನು ಕತ್ತಿ ಹಿಡಿದೇ ಬಂದ, ಅವನ ಹಿಂದೆ ಅರ್ಧ ಗಡ್ಡದ ಗಿರಾಕಿಯೂ ಬಂದ.

‘ಎಷ್ಟು ಮೇಷ್ಟ್ರೇ? ಕರೆಕ್ಟಾಗಿ ಹೇಳಿ, ಎಷ್ಟು ಗ್ರಾಂ?’

ಮೇಷ್ಟ್ರು ಒಂದು ಗಳಿಗೆ ಒಳಗೆ ತಿರುಗಿ ಯಂತ್ರದ ಕಡೆ ನೋಡಿದರು. ಆಮೇಲೆ ಕೈ ಬೀಸಿ ಕೂಗಿದರು:

‘ಬೇಕಾದಷ್ಟು ಕಣಯ್ಯಾ! ಬೇಕಾದಷ್ಟು!’