ಹಳದಿ ಕಾರಿಗೆ ಮೂತಿ ಮಾಡಿಕೊಟ್ಟವನು

ಎಲ್ಲರೂ ಅವನನ್ನು ತಗಡಣ್ಣ ಎಂದೇ ಕರೆಯುತ್ತಿದ್ದರು. ಗುದ್ದಿಸಿಕೊಂಡು ಬಂದ ಕಾರುಗಳ ನೆಗ್ಗು ಬಡಿದು ಸರಿಮಾಡುವ ಟಿಂಕರ್ ಕೆಲಸ ಅವನದು. ನಲವತ್ತು ವರ್ಷ ಅದನ್ನೇ ಮಾಡಿದ. ಎಡಗಿವಿ ಅರ್ಧ ಮಂದ, ಬಲ ಅಂಗೈ ಮಾತ್ರ ಬಹಳ ಚುರುಕು. ಕಣ್ಣಿಗೆ ಕಾಣದ ಏರುತಗ್ಗು ಆ ಅಂಗೈಗೆ ತಿಳಿಯುತ್ತಿತ್ತು.

ಹಳದಿ ಕಾರು ಅವನ ಶೆಡ್ಡಿಗೆ ಮೊದಲು ಬಂದದ್ದು ಲಾರಿಯ ಮೇಲೆ, ಮೂತಿ ಜಜ್ಜಿಸಿಕೊಂಡು. ಅದರ ಎತ್ತರ ಅವನ ಸೊಂಟದಷ್ಟೇ. ಎಂಜಿನ್ನು ಸೀಟಿನ ಬೆನ್ನಿಗೆ. ಬಾಗಿಲುಗಳು ಜೀರುಂಡೆಯ ರೆಕ್ಕೆಯಂತೆ ಮೇಲಕ್ಕೆ ಏಳುತ್ತಿದ್ದವು. ಹೊರದೇಶದಿಂದ ಹಡಗಿನಲ್ಲಿ ತರಿಸಿಕೊಂಡಿದ್ದ ಮರದ ವ್ಯಾಪಾರಿ ನಾಲ್ಕೇ ತಿಂಗಳಲ್ಲಿ ಅದನ್ನು ದೀಪದ ಕಂಬಕ್ಕೆ ಗುದ್ದಿಸಿದ್ದ. ಅಂಥ ಕಾರುಗಳನ್ನು ಇನ್ನೂರೂ ತುಂಬದಷ್ಟು ಮಾಡಿ ಅಲ್ಲಿನ ಕಾರ್ಖಾನೆ ಬಾಗಿಲು ಹಾಕಿತ್ತು.

"ಇದಕ್ಕೆ ಹೊಸ ಮೂತಿ ಎಲ್ಲಿ ಸಿಗುತ್ತೆ ಸಾಹುಕಾರ್ರೇ?" ಎಂದು ತಗಡಣ್ಣ ಕೇಳಿದ.

"ಸಿಗಲ್ಲ ಅಂತಾನೇ ನಿನ್ನ ಹತ್ರ ತಂದಿದ್ದು."

ಅಲ್ಯೂಮಿನಿಯಂ ತಗಡಿನಲ್ಲಿ ಅಷ್ಟು ದೊಡ್ಡ ಕೆಲಸ ಅವನು ಮಾಡಿರಲಿಲ್ಲ. ಮೊದಲ ತಗಡು ಬೆಸೆಯುವಾಗ ತೂತುಬಿತ್ತು. ಎರಡನೆಯದನ್ನು ಮರಳಿನ ಚೀಲದ ಮೇಲಿಟ್ಟು ಮರದ ಕೊಡತಿಯಿಂದ ಸ್ವಲ್ಪಸ್ವಲ್ಪವೇ ಬಡಿದು ಬಗ್ಗಿಸಿದ. ಎರಡೂವರೆ ತಿಂಗಳು ಮನೆಯ ಕಡೆ ಸರಿಯಾಗಿ ತಲೆಹಾಕಲಿಲ್ಲ. ದಿನಾ ಊಟ ಹೊತ್ತು ತರುತ್ತಿದ್ದ ಹೆಂಡತಿ ಒಂದು ದಿನ ಕಾರನ್ನು ಸುತ್ತುಹಾಕಿ ನೋಡಿ, "ಇವಳೇನಾ ನನ್ನ ಸವತಿ? ಚೆನ್ನಾಗೇ ಇದಾಳೆ ಬಿಡಿ" ಎಂದಳು.

ಕಾರು ಮತ್ತೆ ರಸ್ತೆಗಿಳಿಯಿತು. ಆದರೆ ವರ್ಷಗಳು ಕಳೆದಂತೆ ವ್ಯಾಪಾರಿಯ ಹೊಟ್ಟೆ ಬೆಳೆಯುತ್ತ ಹೋಗಿ ಸ್ಟಿಯರಿಂಗಿಗೆ ತಾಗತೊಡಗಿತು; ಕೊನೆಗೆ ಅವನು ಕಾರನ್ನು ಒಬ್ಬ ಹಲ್ಲಿನ ಡಾಕ್ಟರಮ್ಮನಿಗೆ ಮಾರಿದ. ಆಕೆ ಬಣ್ಣ ಹಾಕಿಸಲು ಬಂದ ದಿನವೇ ಕಾರಿನ ಮುಂದೆ ಕುಕ್ಕರುಗಾಲಲ್ಲಿ ಕೂತು ದಿಟ್ಟಿಸಿ ನೋಡಿದರು.

"ಎಡಗಡೆ ಕೆನ್ನೆ ಊದಿದೆಯಲ್ಲಣ್ಣ. ದವಡೆ ಹಲ್ಲಿನ ತೊಂದ್ರೆನಾ?"

ಕಾರಿನ ಮೂತಿ ಎಡಗಡೆ ಒಂದು ನೂಲಿನಷ್ಟು ಉಬ್ಬಿತ್ತು, ಅಷ್ಟೇ. ಅಷ್ಟು ವರ್ಷ ಯಾರೂ ಕಂಡಿರಲಿಲ್ಲ. ತಗಡಣ್ಣನಿಗೆ ನಾಚಿಕೆಯಾಗಿ ಕಂಬದ ಕಥೆಯನ್ನೆಲ್ಲ ಹೇಳಿದ, ಸರಿಮಾಡಿಕೊಡುತ್ತೇನೆಂದೂ ಅಂದ. "ನೋವಿಲ್ಲದ ಹಲ್ಲನ್ನ ನಾನು ಕೀಳಲ್ಲ" ಎಂದು ಆಕೆ ನಕ್ಕುಬಿಟ್ಟರು.

ಹತ್ತೊಂಬತ್ತು ವರ್ಷ ಡಾಕ್ಟರಮ್ಮ ಅದರಲ್ಲೇ ಆಸ್ಪತ್ರೆಗೆ ಹೋಗಿಬಂದರು. ಅದರ ಸದ್ದು ಕೇಳಿ ರೋಗಿಗಳು ಕಿಟಕಿಗೆ ಓಡುತ್ತಿದ್ದರು; ಅಷ್ಟು ಹೊತ್ತು ಹಲ್ಲುನೋವು ಯಾರಿಗೂ ನೆನಪಿರುತ್ತಿರಲಿಲ್ಲ. ಡಾಕ್ಟರಮ್ಮನ ಮಂಡಿ ಕೈಕೊಟ್ಟ ಮೇಲೆ ತೊಂದರೆ ಶುರುವಾಯಿತು. ಹತ್ತಿ ಕೂರುವುದು ಹೇಗೋ ಆಗುತ್ತಿತ್ತು, ಇಳಿಸಲು ಇಬ್ಬರು ಬೇಕಾಗುತ್ತಿದ್ದರು. ಒಬ್ಬ ಬಿಲ್ಡರ್ ಕಾರನ್ನು ಕೊಂಡ.

ಅವನ ಬಳಿ ಆಗಲೇ ಹತ್ತು ಹಳೆಯ ಕಾರುಗಳಿದ್ದವು. ಹಳದಿ ಕಾರೂ ತಣ್ಣನೆಯ ಹಜಾರದಲ್ಲಿ, ಬಟ್ಟೆ ಹೊದ್ದು, ಹನ್ನೊಂದನೆಯದಾಗಿ ನಿಂತಿತು. ತಗಡಣ್ಣನ ಶೆಡ್ಡು ಇದ್ದದ್ದು ಅದೇ ಬಿಲ್ಡರನ ಜಾಗದಲ್ಲಿ. ಅವನ ಕಾರುಗಳ ಕೆಲಸವೆಲ್ಲ ತಗಡಣ್ಣನಿಗೇ.

ಕೆಲವು ವರ್ಷಗಳ ಮೇಲೆ ಬಿಲ್ಡರ್ ಅದನ್ನು ಹರಾಜಿಗಿಡಲು ಹೊರಟ. ಪರಿಶೀಲನೆಗೆ ಹರಾಜು ಕಂಪನಿಯಿಂದ ಒಬ್ಬ ಹೆಂಗಸು ಬರುವವಳಿದ್ದಳು. ಹಿಂದಿನ ದಿನ ಬಿಲ್ಡರೇ ಶೆಡ್ಡಿಗೆ ಬಂದ.

"ಹರಾಜಿನ ಫೈಲಲ್ಲಿ ಅಪಘಾತ ಆಗಿಲ್ಲ, ಮೈಯೆಲ್ಲ ಕಾರ್ಖಾನೆದೇ ಅಂತ ಬರೆಸಿದೀನಿ. ನೀನು ಬಣ್ಣ ಮಾತ್ರ ಹಾಕಿದ್ದು. ಅಷ್ಟೇ ಹೇಳು."

"ನೋಡೋಣ" ಎಂದ ತಗಡಣ್ಣ.

ಮನೆಯಲ್ಲಿ ಹೆಂಡತಿಗೆ ಹೇಳಿದಾಗ ಅವಳು ಮೊದಲು, "ಶೆಡ್ಡು ಅವರದ್ದು, ನೆನಪಿರಲಿ" ಎಂದಳು. ಪಾತ್ರೆ ತೊಳೆದು ಕೈ ಒರೆಸಿಕೊಂಡು ಬಂದ ಮೇಲೆ ಇನ್ನೊಂದು ಮಾತು ಸೇರಿಸಿದಳು: "ಅಲ್ಲಾರೀ, ಎರಡೂವರೆ ತಿಂಗಳು ನಾನು ಊಟ ಹೊತ್ತಿದ್ದು ಬರೀ ಬಣ್ಣಕ್ಕಾ?"

ಮಾರನೆಯ ದಿನ ಹರಾಜು ಕಂಪನಿಯ ಪರೀಕ್ಷಕಿ ಬಣ್ಣದ ದಪ್ಪ ಅಳೆಯುವ ಯಂತ್ರವನ್ನು ಕಾರಿನ ಮೈಯೆಲ್ಲ ಆಡಿಸಿದಳು. ಎಲ್ಲೂ ಪುಟ್ಟಿ ಮೆತ್ತಿದ ಗುರುತಿರಲಿಲ್ಲ. "ಮುಂಭಾಗ ಕಾರ್ಖಾನೆದೇ ತಾನೇ?" ಎಂದು ಬರೆದುಕೊಳ್ಳುತ್ತಲೇ ಪಕ್ಕದಲ್ಲಿದ್ದ ತಗಡಣ್ಣನನ್ನು ಕೇಳಿದಳು.

"ಅಲ್ಲ ಮೇಡಂ. ಅದು ನಾನು ಮಾಡಿದ್ದು."

"ವಯಸ್ಸಾಯ್ತು ಪಾಪ, ಬೇರೆ ಯಾವುದೋ ಕಾರು ಅಂದ್ಕೊಂಡಿದಾನೆ" ಎಂದ ಬಿಲ್ಡರ್.

ತಗಡಣ್ಣ ಏರುತಗ್ಗು ಕೈಗೆ ಚೆನ್ನಾಗಿ ತಿಳಿಯಲೆಂದು ತೆಳ್ಳನೆಯ ಬಟ್ಟೆಯೊಂದನ್ನು ಎಡಗಡೆ ದೀಪದ ಮೇಲಿನ ತಗಡಿಗೆ ಹಾಸಿ, "ಇದರ ಮೇಲೆ ಅಂಗೈ ಆಡಿಸಿ ಮೇಡಂ. ಈಗ ಬಲಗಡೆ" ಎಂದ. ಅವಳು ಎರಡೂ ಕಡೆ ಮೂರು ಮೂರು ಸಲ ಆಡಿಸಿದಳು; ಎಡಗಡೆಯ ಉಬ್ಬು ಕೈಗೆ ಸಿಕ್ಕಿತು. ಆಮೇಲೆ ಟಾರ್ಚು ಹಿಡಿದು ಕಾರಿನ ಕೆಳಗೆ ಅಂಗಾತ ಮಲಗಿದಳು. ಮೂತಿಯ ಒಳಮೈಯಲ್ಲಿ ಬೆಸುಗೆಯ ಗೆರೆ ಕಂಡಿತು. ಅದರ ಅಕ್ಕಪಕ್ಕ ಕೊಡತಿಯ ನೂರಾರು ಗುರುತುಗಳು. ಎದ್ದವಳು ಫೈಲಿನಲ್ಲಿ ಹಿಂದಿನ ಮಾಲೀಕರೆಂದು ಹೆಸರಿದ್ದ ಡಾಕ್ಟರಮ್ಮನಿಗೆ ಫೋನು ಮಾಡಿದಳು. "ಎಡ ಕೆನ್ನೆ ವಿಷಯಾನಾ?" ಎಂದು ಆ ಕಡೆಯಿಂದ ಕೇಳಿದ್ದು ಅಲ್ಲಿದ್ದವರಿಗೆಲ್ಲ ಕೇಳಿಸಿತು.

ಫೈಲು ಬದಲಾಯಿತು. ಬಿಲ್ಡರ್ ಅಂದುಕೊಂಡಷ್ಟು ಬೆಲೆ ಬರಲಿಲ್ಲ. ಹಡಗಿನ ಎಂಜಿನಿಯರಾಗಿದ್ದ ಒಬ್ಬ ಮುದುಕ ಕೊಂಡು, ಓಡಿಸಿಕೊಂಡೇ ಹೋದನಂತೆ. ತಿಂಗಳೊಳಗೆ ಶೆಡ್ಡು ಖಾಲಿಮಾಡಲು ಬಿಲ್ಡರ್ ತಗಡಣ್ಣನಿಗೆ ಹೇಳಿಕಳಿಸಿದ. ನಾಲ್ಕು ದಿನ ತಗಡಣ್ಣನಿಗೆ ಊಟ ಸೇರಲಿಲ್ಲ. ತಪ್ಪು ಮಾಡಿದೆನೇನೋ ಎಂದು ಹೆಂಡತಿಯನ್ನು ಎರಡು ಸಲ ಕೇಳಿದ. ಅವಳು ಎರಡು ಸಲವೂ "ಅನ್ನ ತಣ್ಣಗಾಗುತ್ತೆ" ಎಂದಳು.

ಪರೀಕ್ಷಕಿ ಅಂಚೆಯಲ್ಲಿ ಹರಾಜಿನ ಪುಸ್ತಕ ಕಳಿಸಿದಳು. ಅದರಲ್ಲಿ ಹಳದಿ ಕಾರಿನ ಮಾಲೀಕರ ಪಟ್ಟಿಯ ಕೆಳಗೆ ಒಂದು ಸಾಲಿತ್ತು: ಮುಂಭಾಗವನ್ನು ಕೈಯಿಂದಲೇ ಹೊಸದಾಗಿ ಮಾಡಿದವರು ಟಿಂಕರ್ ತಗಡಣ್ಣ. ಕನ್ನಡಕ ಹಾಕಿಕೊಂಡು ಓದಿದ, ಹೆಂಡತಿಗೂ ಓದಿ ಹೇಳಿದ. ಅವತ್ತು ಎರಡನೇ ಸಲ ಅನ್ನ ಹಾಕಿಸಿಕೊಂಡ.

ಡಾಕ್ಟರಮ್ಮ ತಮ್ಮ ಮನೆಯ ಖಾಲಿ ಗ್ಯಾರೇಜಿನ ಬೀಗದ ಕೈ ಕಳಿಸಿಕೊಟ್ಟರು. ಕೊಡತಿ, ಮರಳಿನ ಚೀಲ, ಸುತ್ತಿಗೆಗಳೆಲ್ಲ ಅಲ್ಲಿಗೆ ಹೋದವು. ಮೊದಲ ದಿನ ಬಂದದ್ದು ಬಾಗಿಲು ನೆಗ್ಗಿದ ಶಾಲೆಯ ವ್ಯಾನು. ಅದು ಒಳಗೆ ಹಿಡಿಸಲಿಲ್ಲ. ತಗಡಣ್ಣ ಅಂಗಳದಲ್ಲೇ ನಿಲ್ಲಿಸಿಕೊಂಡು ಬಾಗಿಲು ಬಿಚ್ಚತೊಡಗಿದ.