ಸೂರಿನಡಿಯ ಕಿಂಡಿಗಳು

ಬೀದಿಯವರು ಅವನನ್ನು ಪೊಳ್ಳು ಮೇಸ್ತ್ರಿ ಎನ್ನುತ್ತಿದ್ದರು. ಇಟ್ಟಿಗೆಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ನಡುವೆ ಖಾಲಿ ಜಾಗ ಬಿಟ್ಟು ಗೋಡೆ ಏಳಿಸುವುದು ಅವನ ಪದ್ಧತಿ. ಆ ಖಾಲಿ ಜಾಗ ಬಿಸಿಲಿನ ಕಾವನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಕೇಳಿದವರೆಲ್ಲ ತಲೆದೂಗುತ್ತಿದ್ದರು. ಆದರೆ ಒಂದು ಗೋದಾಮು, ಒಂದು ಕಾವಲುಗಾರನ ಕೋಣೆ ಬಿಟ್ಟರೆ ವಾಸದ ಮನೆಯನ್ನು ಯಾರೂ ಅವನ ಕೈಗೆ ಕೊಟ್ಟಿರಲಿಲ್ಲ.

ಕೊನೆಗೆ ಕೊಟ್ಟವನು ಬಸ್ ಓಡಿಸುವ ಅವನ ಅಣ್ಣ. ಅಣ್ಣನಿಗಿಂತ ಹೆಚ್ಚಾಗಿ ಅತ್ತಿಗೆ. ತಾಯಿ ತೀರಿಕೊಂಡಾಗ ಮೂಗು ಒರೆಸಿಕೊಳ್ಳಲೂ ಬಾರದ ಮೈದುನನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳು. "ಹೊರಗಿನೋರು ಯಾಕೆ? ನಮ್ಮ ಹುಡುಗನೇ ಕಟ್ಲಿ" ಎಂದು ಹಟ ಹಿಡಿದಳು.

ಅವನು ಜೀವ ತೇಯ್ದು ಕಟ್ಟಿದ. ನೆರಳಿರುವ ಕಡೆ ತಗ್ಗಿನ ಕಿಟಕಿ, ಮೇಲೆ ಸೂರಿನಡಿ ಉದ್ದಕ್ಕೂ ಸಣ್ಣ ಕಿಂಡಿ. ತಣ್ಣನೆಯ ಗಾಳಿ ಕೆಳಗಿನಿಂದ ಬರಬೇಕು, ಸೆಕೆ ಮೇಲಿನಿಂದ ಹೋಗಬೇಕು. ಸಂಜೆ ಹೊತ್ತು ಅಣ್ಣನನ್ನು ಕೂರಿಸಿಕೊಂಡು ಮರಳಿನ ಮೇಲೆ ಗೀಟು ಎಳೆದು ವಿವರಿಸುತ್ತಿದ್ದ. ಅಣ್ಣ ಆಕಳಿಸುತ್ತಾ ಹೂಂಗುಟ್ಟುತ್ತಿದ್ದ. ಅತ್ತಿಗೆ ಇಬ್ಬರಿಗೂ ಟೀ ಇಟ್ಟು ಒಳಗೆ ಹೋಗುತ್ತಿದ್ದಳು.

ಮನೆ ಮುಗಿಸಿ ಅವನು ಬೇರೆ ಊರಿನ ಕೆಲಸಕ್ಕೆ ಹೋದ. ಬಿರುಬೇಸಿಗೆಯಲ್ಲಿ ಮರಳಿದಾಗ ಊರಿನ ಡಾಕ್ಟರಮ್ಮ ಹೇಳಿ ಕಳಿಸಿದರು. ಹೊಸ ಕ್ಲಿನಿಕ್ಕು, ಅದರ ಮೇಲೆ ಮನೆ ಕಟ್ಟಿಸುವ ಯೋಚನೆ ಅವರಿಗೆ. "ಹಗಲೆಲ್ಲ ಏಸಿ ಓಡಿಸಿ ಸಾಕಾಗಿದೆ. ನಿಮ್ಮಣ್ಣನ ಮನೆ ನೋಡ್ತೀನಿ. ತಣ್ಣಗಿದ್ರೆ ನಂದೂ ನಿಮ್ಮ ಥರಾನೇ ಕಟ್ಟಿ." ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮರುದಿನ ಮಧ್ಯಾಹ್ನವೇ ಕರೆದುಕೊಂಡು ಹೋದ.

ಬಾಗಿಲು ತೆರೆಯುತ್ತಲೇ ಗೊರಗೊರ ಸದ್ದು. ಗೋಡೆಯಲ್ಲಿ ಹೊಸ ಏಸಿ.

"ಬನ್ನಿ ಡಾಕ್ಟ್ರೇ," ಎಂದ ಅಣ್ಣ, ಅಂದು ರಜೆಯಲ್ಲಿದ್ದವನು. "ಇವನ ಕೈಲಿ ಕಟ್ಟಿಸಿ ಅನುಭವಿಸ್ತಾ ಇದೀವಿ. ಒಲೆ ಒಳಗೆ ಕೂತಂಗೆ. ಇದು ಹಾಕ್ಸಿದ ಮೇಲೇ ಕಣ್ಣಿಗೆ ನಿದ್ದೆ."

ಮೇಸ್ತ್ರಿ ತಲೆಯೆತ್ತಿ ನೋಡಿದ. ಸೂರಿನಡಿ ಒಂದೂ ಕಿಂಡಿ ಇರಲಿಲ್ಲ. ಸಿಮೆಂಟು ಮೆತ್ತಿ, ನುಣ್ಣಗೆ ತೀಡಿ, ಬಣ್ಣ ಬಳಿದಿತ್ತು.

ಅತ್ತಿಗೆ ನೀರು ತಂದವಳು ಅವನ ಕಣ್ಣು ಹೋದ ಕಡೆ ನೋಡಿ ಪಕ್ಕಕ್ಕೆ ಎಳೆದಳು. "ಅವಸರದಲ್ಲಿ ತೂತುಗಳನ್ನ ಹಂಗೇ ಬಿಟ್ಟು ಹೋಗಿದ್ಯಲ್ಲೋ. ಬಂದೋರು ನಿನ್ನ ಕೆಲಸ ಆಡ್ಕೋಬಾರದು ಅಂತ ನಾನೇ ಬೇರೆ ಮೇಸ್ತ್ರಿನ ಕರೆಸಿ ಮುಚ್ಚಿಸ್ದೆ. ನಿಮ್ಮಣ್ಣಂಗೂ ಹೇಳಿಲ್ಲ. ನೀನೂ ಬಾಯಿ ಬಿಡಬೇಡ."

ಇಡೀ ಹಗಲು ಆ ಮನೆಯಲ್ಲಿ ಇರುವವಳು ಇವಳು. ಹಗಲೆಲ್ಲ ಬಸ್ಸಿನಲ್ಲಿರುವವನಿಗೆ ಗೀಟು ಎಳೆದು ತೋರಿಸಿದ್ದ. ಆ ಕಿಂಡಿ ಯಾಕೆಂದು ಇವಳಿಗೆ ಒಂದು ಮಾತೂ ಹೇಳಿರಲಿಲ್ಲ.

"ಏನ್ ಮೇಸ್ತ್ರಿ, ಯಾಕೆ ಹೀಗಾಯ್ತು?" ಎಂದರು ಡಾಕ್ಟರಮ್ಮ.

ನಿಜ ಹೇಳಿದರೆ ಕೆಲಸ ಉಳಿಯುತ್ತಿತ್ತು. ಆದರೆ ಅಣ್ಣನ ಬಾಯಿ ಅವನಿಗೆ ಗೊತ್ತು. ಬಂದವರ ಎದುರಿಗೇ ಹೆಂಡತಿಯ ಮಾನ ಹರಾಜು ಹಾಕುವವನು.

"ಲೆಕ್ಕ ತಪ್ಪಿತು, ಡಾಕ್ಟ್ರೇ," ಎಂದ.

"ಪೊಳ್ಳು ಗೋಡೆ, ಪೊಳ್ಳು ಮಾತು," ಎಂದು ಅಣ್ಣ ನಕ್ಕ.

ಡಾಕ್ಟರಮ್ಮ ಒಳ್ಳೆಯವರು, ಕೆಲಸ ಬೇರೆಯವರಿಗೆ ಕೊಡಲಿಲ್ಲ. "ನಿಮ್ಮ ಕೈ ಅಚ್ಚುಕಟ್ಟು. ಆದ್ರೆ ಈ ಪ್ರಯೋಗ ಎಲ್ಲ ಬೇಡ. ಎಲ್ಲರ ಥರ ಕಟ್ಟಿ, ಕೋಣೆಗೊಂದು ಏಸಿಗೆ ಜಾಗ ಬಿಡಿ."

ಹಾಗೆಯೇ ಕಟ್ಟಿದ. ಕಟ್ಟಡ ಬಿಸಿಲಿಗೆ ಕಾದು ನಿಂತಿತು. ಅದರ ಬೆನ್ನಿಗೆ ನೇತುಬಿದ್ದ ಏಸಿ ಡಬ್ಬಿಗಳು ಓಣಿಯಲ್ಲಿ ಓಡಾಡುವವರ ಮುಖಕ್ಕೆ ಬಿಸಿಗಾಳಿ ಊದಿದವು. ಆಮೇಲೆ ಯಾರ ಮುಂದೆಯೂ ಅವನು ತನ್ನ ಪದ್ಧತಿಯ ಮಾತೆತ್ತಲಿಲ್ಲ.

"ನೋಡ್ದ್ಯಾ, ಅವತ್ತು ಆ ತೂತು ಹಂಗೇ ಇದ್ದಿದ್ರೆ ಡಾಕ್ಟರಮ್ಮ ಈ ಕೆಲಸಾನೂ ಕೊಡ್ತಿರ್ಲಿಲ್ಲ," ಎಂದಳು ಅತ್ತಿಗೆ, ಅವನ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸುತ್ತಾ.

"ಹೂಂ ಅತ್ತಿಗೆ," ಎಂದು ಅವನು ತುತ್ತು ನುಂಗಿದ.